ಕಡಿಮೆಯಾಗಬಹುದಿತ್ತು

ಎದುರುಗಾಳಿ ಎಂಬುದು ಈ ಊರಿನಲ್ಲಿ ಸೈಕಲ್ಲನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಎದುರಿಗೇ ಬರುತ್ತದೆ. ಹೋಗುವಾಗಲೂ ಎದುರು, ಬರುವಾಗಲೂ ಎದುರು. ಜನ್ಮವೆಲ್ಲ ಗಾಳಿಗೂ ನೀರಿಗೂ ಲೆಕ್ಕ ಹಾಕಿಯೇ ಪ್ರೊಫೆಸರನಾದ ಡರ್ಕ್ ಹಮ್ಮಿಂಗನಿಗೆ ಇದೊಂದು ಲೆಕ್ಕ ಇನ್ನೂ ಬಗೆಹರಿದಿರಲಿಲ್ಲ. ಹ್ಯಾಂಡಲಿಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಕರಿಯ ನಿಲುವಂಗಿ, ಅದರ ಮೇಲೆ ಚಪ್ಪಟೆಯಾದ ವೆಲ್ವೆಟ್ ಟೋಪಿ. ತುಳಿದಾಗಲೆಲ್ಲ ಚೀಲ ಮೊಣಕಾಲಿಗೆ ಬಡಿದು ಒಳಗಿಂದ ನುಸಿಗುಳಿಗೆಯ ವಾಸನೆ ಭುಸ್ಸೆಂದು ಏಳುತ್ತಿತ್ತು. ಇವತ್ತು ಮಧ್ಯಾಹ್ನ ಅವನ ಶಿಷ್ಯೆ ಯೋಸಿನ್ ಸ್ಮೇಟ್ಸ್ ತುಂಬಿದ ಸಭೆಯಲ್ಲಿ ತನ್ನ ಪ್ರಬಂಧವನ್ನು ಸಮರ್ಥಿಸಿಕೊಂಡು ಡಾಕ್ಟರ್ ಆಗಬೇಕು. ಆಗುತ್ತಾಳೆ, ಅದರಲ್ಲೇನೂ ಅನುಮಾನವಿಲ್ಲ. ಅಲ್ಲಿಯ ತನಕ ಬಂದವರನ್ನು ಈ ಡಚ್ ದೇಶದಲ್ಲಿ ಯಾರೂ ಫೇಲು ಮಾಡುವುದಿಲ್ಲ. ಅವನ ಚಿಂತೆ ಬೇರೆ. ಆಮೇಲೆ ಅವಳು ಇಲ್ಲಿ ಉಳಿಯುತ್ತಾಳೋ ಇಲ್ಲವೋ. ತಾನು ನಿವೃತ್ತನಾದ ಮೇಲೆ ತನ್ನ ಜಾಗಕ್ಕೆ, ಅಂದರೆ ಅಲೆ ಎಬ್ಬಿಸಿ ಪರೀಕ್ಷಿಸುವ ಅಲೆಗಾಲುವೆಯ ಪಕ್ಕದ ಆ ತಣ್ಣನೆಯ ಕೋಣೆಗೆ, ಅವಳನ್ನು ಕರೆದಿದ್ದ. ಸಮಾರಂಭ ಮುಗೀಲಿ, ಹೇಳ್ತೀನಿ ಡರ್ಕ್, ಎಂದಿದ್ದಳು, ಮುಖ ನೋಡದೆ. ಹೂಳೆತ್ತುವ ಹಡಗುಗಳ ಕಂಪನಿಯೊಂದು ಅವಳ ಬೆನ್ನು ಹತ್ತಿದ್ದು ಕಾಫಿ ಮಶೀನಿನ ಸುತ್ತ ಎಲ್ಲರಿಗೂ ಗೊತ್ತಿತ್ತು. ಅವಳು ಒಲ್ಲೆ ಎಂದರೆ ಮುಂದಿನ ವಸಂತದಲ್ಲಿ ಅಲೆಗಾಲುವೆಯನ್ನು ಬಿಚ್ಚಿ, ಆ ಜಾಗವನ್ನು ಎಳೆಯರ ಹೊಸ ಕಂಪನಿಗಳಿಗೆ ಕೊಡುವುದೆಂದು ಡೀನ್ ನಗುನಗುತ್ತಲೇ ಹೇಳಿಯಾಗಿತ್ತು. ಎಲ್ಲರೂ ಸೇರಿ ಒಮ್ಮತಕ್ಕೆ ಬಂದದ್ದು ಎಂದಿದ್ದ. ಆ ಎಲ್ಲರಲ್ಲಿ ತಾನು ಯಾವಾಗ ಇದ್ದೆನೆಂದು ಹಮ್ಮಿಂಗನಿಗೆ ನೆನಪಾಗಲಿಲ್ಲ. ಬಹುಶಃ ಆ ಮೀಟಿಂಗಿನಲ್ಲಿ ತಲೆಗೊಂದರಂತೆ ಕೊಟ್ಟ ಬಿಸ್ಕತ್ತನ್ನು ತಿನ್ನುತ್ತಿದ್ದನೇನೋ.

ಬಾಗಿಲು ದಾಟಿದರೆ ಮೈ ಉರಿಯಲು ಇನ್ನೊಂದು ಕಾರಣ ಗೋಡೆಯುದ್ದಕ್ಕೂ ನಿಂತಿತ್ತು. ವಿಶ್ವವಿದ್ಯಾಲಯದ ಹುಟ್ಟುಹಬ್ಬವೆಂದು ಪ್ರಚಾರದವರು ಇತಿಹಾಸವನ್ನು ಬಣ್ಣಬಣ್ಣವಾಗಿ ಅಂಟಿಸಿದ್ದರು. ಒಬ್ಬ ರಾಜ, ನೀರಿಗೆ ಒಡ್ಡು ಕಟ್ಟುವವರು ಬೇಕೆಂದು, ದೂರದ ದ್ವೀಪಗಳನ್ನು ಆಳಲು ಗುಮಾಸ್ತರೂ ಬೇಕೆಂದು, ಒಂದು ಅಕಾಡೆಮಿ ತೆರೆದ. ಅದು ಪಾಲಿಟೆಕ್ನಿಕ್ ಶಾಲೆಯಾಯಿತು, ಆಮೇಲೆ ಹೋಗೆಸ್ಕೋಲ್ ಎಂಬ ಮೇಲ್ದರ್ಜೆಯ ಕಾಲೇಜಾಯಿತು, ಆಮೇಲೆ ವಿಶ್ವವಿದ್ಯಾಲಯವಾಯಿತು. ಹೆಸರಿನ ಜೊತೆ ಬೋರ್ಡು ಬದಲಾಯಿತೇ ಹೊರತು ನೆಲಮಾಳಿಗೆಯಲ್ಲಿ ನೀರು ಜಿನುಗುವುದು ನಿಲ್ಲಲಿಲ್ಲ. ಗುಮಾಸ್ತರ ಸುದ್ದಿ ಗೋಡೆಯ ಮೇಲೆ ಇರಲಿಲ್ಲ. ಆ ಜಾಗದಲ್ಲಿ ಒಂದು ಗಾಳಿಯಂತ್ರದ ಚಿತ್ರ ಹಾಕಿ ಮುಚ್ಚಿದ್ದರು. ಅವನು ಓದುವಾಗ ಒಡ್ಡು ಮತ್ತು ತೂಬು ಎಂದಷ್ಟೇ ಇದ್ದ ಪಾಠಕ್ಕೆ ಈಗ ನಾಳಿನ ನೀರು, ನಾಳಿನ ನೆಲ ಎಂದು ಹೆಸರು, ಅದೂ ಇಂಗ್ಲಿಷಿನಲ್ಲಿ. ಎದುರಿಗೆ ಕೂತ ಡಚ್ ಹುಡುಗರಿಗೆ, ಅವರ ಅಜ್ಜಂದಿರು ಕಟ್ಟಿದ ಒಡ್ಡು ಎಂದರೇನೆಂದು ಡಚ್ಚನಾದ ತಾನು ಮುರುಕು ಇಂಗ್ಲಿಷಿನಲ್ಲಿ ವಿವರಿಸಬೇಕು. ಅವರು ಕೈ ಎತ್ತಿ ಇನ್ನೂ ಮುರುಕು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಬೇಕು. ಕೊನೆಯ ಚಿತ್ರದಲ್ಲಿ ಅಲೆಗಾಲುವೆ ಇತ್ತು. ಗಾಜಿನ ಗೋಡೆಯ ಉದ್ದನೆಯ ತೊಟ್ಟಿ, ಒಂದು ತುದಿಯಲ್ಲಿ ಅಲೆ ಎಬ್ಬಿಸುವ ಹಲಗೆ, ಪಕ್ಕದಲ್ಲಿ ತಲೆತುಂಬ ಕೂದಲಿನ ಯುವಕನೊಬ್ಬ ಬಗ್ಗಿ ನೀರು ನೋಡುತ್ತಿದ್ದಾನೆ. ಕೆಳಗೆ ಬರೆದಿತ್ತು: ಅಲೆಗಾಲುವೆ, ಅಪರಿಚಿತ ಸಹಾಯಕನೊಂದಿಗೆ. ಆ ಅಪರಿಚಿತ ಸಹಾಯಕ ಈಗ ಬೋಳುತಲೆ ಹೊತ್ತು, ಕೈಯಲ್ಲಿ ಚೀಲ ಹಿಡಿದು ತನ್ನನ್ನೇ ನೋಡುತ್ತ ನಿಂತ. ಪ್ರಚಾರದವರಿಗೆ ಹೇಳಿಯಾಗಿತ್ತು. ನಿಮ್ಮ ಅನಿಸಿಕೆ ನಮಗೆ ಅಮೂಲ್ಯ ಎಂದು ಉತ್ತರವೂ ಬಂದಿತ್ತು.

ಮೇಲೆ ವಿಭಾಗದ ಕಾರ್ಯದರ್ಶಿ ಕೋಬಿ ಕಾಯುತ್ತಿದ್ದಳು. ಅವನ ರಜೆ, ಪ್ರಯಾಣ, ಮರೆವು ಎಲ್ಲವನ್ನೂ ವರ್ಷಗಟ್ಟಲೆ ನೋಡಿಕೊಂಡವಳು. ಹೆಸರು ಹಿಡಿದೇ ಕರೆಯುತ್ತಾಳೆ, ಹೆಸರು ಹಿಡಿದೇ ಬೈಯುತ್ತಾಳೆ.

"ಡರ್ಕ್, ಟೋಪಿ ಮೇಲೆ ಕೂತಿದ್ರಾ ಏನು? ಕೊಡಿ ಇಲ್ಲಿ." ಟೋಪಿಯನ್ನು ಕಸಿದುಕೊಂಡು ಕೆಟಲಿನ ಹಬೆಗೆ ಹಿಡಿದಳು. "ಆ ಹುಡುಗಿ ಉಳಿಯಲ್ಲ, ನೋಡ್ತಿರಿ."

"ಯಾಕೆ? ನಾನೇನು ಕಮ್ಮಿ ಮಾಡಿದೀನಿ ಅವಳಿಗೆ?"

"ನಾನು ಕೆಲ್ಸಕ್ಕೆ ಬಾರದವಳು ಅಂತ ಡರ್ಕ್‌ಗೆ ಮೊದಲಿಂದ್ಲೂ ಗೊತ್ತು, ಬೇರೆ ಯಾರೂ ಸಿಗ್ಲಿಲ್ಲ ಅಂತ ನನ್ನ ಕರೀತಿದಾರೆ ಅಂದ್ಲು. ಇಲ್ಲೇ, ಈ ಕುರ್ಚಿ ಮೇಲೆ ಕೂತು ಅತ್ಲು ಪಾಪ."

"ಅತ್ಲಾ? ಕೋಬಿ, ಒಂದೊಂದು ಅಧ್ಯಾಯಕ್ಕೂ ಹೊಗಳಿದೀನಿ ನಾನು. ಬರೆದು ಕೊಟ್ಟಿದೀನಿ!"

"ನೀವು? ಹೊಗಳಿದ್ರಾ?" ಕೋಬಿ ಟೋಪಿ ಹಿಡಿದುಕೊಂಡೇ ನಕ್ಕಳು. "ನನ್ನ ಮಗಳ ಮದುವೇಲಿ ಊಟ ಹೇಗಿತ್ತು ಅಂತ ಕೇಳಿದ್ರೆ ಬಿಸಿ ಇತ್ತು ಅಂದೋರು ನೀವು."

"ಬಿಸಿ ಇತ್ತಲ್ಲ ಮತ್ತೆ!"

ಕೋಣೆಯ ಬಾಗಿಲು ಹಾಕಿಕೊಂಡರೂ ಅವಳ ನಗು ಕೇಳುತ್ತಲೇ ಇತ್ತು. ಹೊಗಳಿದ್ದ. ಹೊಗಳಿದ್ದನಲ್ಲ! ದೇಶದ ಪಶ್ಚಿಮ ಭಾಗದ ಈ ಜನಕ್ಕೆ, ದಕ್ಷಿಣ ಭಾಗದ ಆ ಜನಕ್ಕೆ, ಹೊಗಳಿಕೆಯೆಂದರೆ ಬ್ಯಾಂಡು ಬಾರಿಸಬೇಕು, ಬೆನ್ನು ತಟ್ಟಬೇಕು, ಅದ್ಭುತ, ಅಪೂರ್ವ ಎಂದು ಬಾಯಿ ಬಡಿದುಕೊಳ್ಳಬೇಕು. ಅವನ ಊರು ಉತ್ತರದ ತುದಿ, ಒಡ್ಡಿನಾಚೆ ಬರೀ ಕೆಸರುಗಡಲು. ಅಲ್ಲಿ ಮಾತನ್ನು ಉಪ್ಪಿನ ಹಾಗೆ ಬೆರಳ ತುದಿಯಲ್ಲಿ ಹಾಕುತ್ತಾರೆ. ಹಸು ಅವಳಿ ಕರು ಹಾಕಿದರೂ, ಬೀಟ್‌ಗೆಡ್ಡೆಯ ಬೆಳೆ ಗಾಡಿ ಮುರಿಯುವಷ್ಟು ಬಂದರೂ, ನೆರೆಯವರು ಬೇಲಿಗೆ ಒರಗಿ ಆಡುವ ಮಾತು ಒಂದೇ: ಕಡಿಮೆಯಾಗಬಹುದಿತ್ತು. ಎಂದರೆ, ಇದಕ್ಕಿಂತ ಕಡಿಮೆಯದೇ ಸಿಗುವ ಲೋಕದಲ್ಲಿ ಇಷ್ಟು ಸಿಕ್ಕಿತಲ್ಲ, ಇನ್ನೇನು ಬೇಕು. ಅದರ ಮೇಲಿನ ಹೊಗಳಿಕೆ ಆ ಕಡೆ ಇಲ್ಲ. ಯಾರಾದರೂ ಆಡಿದರೆ ಕುಡಿದಿದ್ದಾನೆ ಎನ್ನುತ್ತಾರೆ. ಅಪ್ಪ ಅಲ್ಲಿಯ ಒಡ್ಡಿನ ನೀರುಗಂಟಿ. ಮಗ ಡಾಕ್ಟರಾದ ದಿನ ತನ್ನ ಮದುವೆಯ ಕೋಟು ತೊಟ್ಟು ರೈಲಿನಲ್ಲಿ ಬಂದು, ಹಿಂದಿನ ಸಾಲಿನಲ್ಲಿ ಕೂತು, ಎಲ್ಲ ಮುಗಿದ ಮೇಲೆ ಹತ್ತಿರ ಬಂದ. ಕೋಟಿನ ಗುಂಡಿ ತಿರುವುತ್ತ, ನೆಲ ನೋಡುತ್ತ ಹೇಳಿದ, "ಕಡಿಮೆಯಾಗಬಹುದಿತ್ತು, ಮಗಾ." ಹಮ್ಮಿಂಗ ಪಾಯಿಖಾನೆಗೆ ಹೋಗಿ ಚಿಲಕ ಹಾಕಿಕೊಂಡು ಅತ್ತಿದ್ದ.

ಯೋಸಿನ್ನಳ ಚಳಿಗಾಲದ ಅಧ್ಯಾಯ ಓದಿದಾಗಲೂ ಹಾಗೆಯೇ ಆಗಿತ್ತು. ದಕ್ಷಿಣದ ಗುಡ್ಡಗಳ ಕಡೆಯ ಬೇಕರಿಯವನ ಮಗಳು, ಸಮುದ್ರವನ್ನು ರಜೆಯಲ್ಲಿ ಮಾತ್ರ ಕಂಡವಳು, ಉತ್ತರದ ಅದೇ ಒಡ್ಡಿನಲ್ಲಿ ಉಪಕರಣ ಹೂಳಿ ಚಳಿಗಾಲವಿಡೀ ಕಾದಿದ್ದಳು. ಬಿರುಗಾಳಿಯಲ್ಲಿ ಸಣ್ಣ ಅಲೆಗಳ ಗದ್ದಲದ ಅಡಿಯಲ್ಲಿ ನಿಧಾನದ ಉದ್ದ ಅಲೆಯೊಂದು ಸದ್ದಿಲ್ಲದೆ ಬರುತ್ತದೆ. ಒಡ್ಡಿನ ಹುಲ್ಲನ್ನು ಬೇರುಸಹಿತ ಸಡಿಲಿಸುವುದು ಅದು, ಗದ್ದಲದ ಅಲೆಯಲ್ಲ. ಅದನ್ನು ಅವಳು ಹಿಡಿದಿದ್ದಳು. ಅಲೆಗಾಲುವೆಯ ಹಲಗೆ ಆಡಿಸಿ ಆಡಿಸಿ ತಾನು ಆಯುಷ್ಯವೆಲ್ಲ ಹುಡುಕಿದರೂ ಸಿಗದಿದ್ದದ್ದು. ಆ ಹುಲ್ಲಿನ ಮೇಲೆ ಅವನು ಚಿಕ್ಕಂದಿನಲ್ಲಿ ಉರುಳಿದ್ದ. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ. ಆದರೆ ಹೊಟ್ಟೆಕಿಚ್ಚಿಗಿಂತ ದೊಡ್ಡದಾದ ಏನೋ ಒಂದು ಎದೆಯಲ್ಲಿ ತುಂಬಿ, ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಆಮೇಲೆ ಪೆನ್ಸಿಲ್ ಚೂಪು ಮಾಡಿ, ಅಧ್ಯಾಯದ ನೆತ್ತಿಯ ಮೇಲೆ, ಬೇರೆ ಕಡೆ ಬರೆದದ್ದಕ್ಕಿಂತ ದಪ್ಪ ಅಕ್ಷರದಲ್ಲಿ ಬರೆದ: ಕಡಿಮೆಯಾಗಬಹುದಿತ್ತು. ಅಷ್ಟಕ್ಕೇ ಬಿಡದೆ ಕೆಳಗೆ ಗೆರೆಯನ್ನೂ ಎಳೆದ. ಜೀವಮಾನದಲ್ಲಿ ಯಾರಿಗೂ ಗೆರೆ ಎಳೆದು ಕೊಟ್ಟವನಲ್ಲ. ಮುಂದಿನ ಕರಡಿನಲ್ಲಿ ಆ ಅಧ್ಯಾಯವೇ ಇರಲಿಲ್ಲ. ಒಂದು ಅಡಿಟಿಪ್ಪಣಿಯಾಗಿ ಕುಗ್ಗಿ ಮೂಲೆ ಸೇರಿತ್ತು. ಅವನಿಗೆ ಸಿಟ್ಟೇ ಬಂತು. ಎಂಥ ಬಿಂಕ ಇದು, ಅಥವಾ ಎಂಥ ಹಾಳು ವಿನಯ, ಅಥವಾ ಹಡಗಿನವರಿಗೆಂದು ಬಚ್ಚಿಟ್ಟಳೋ? ಕೇಳಬಹುದಿತ್ತು. ಪ್ರಬಂಧ ಅವಳದು, ಅವಳಿಷ್ಟ, ಎಂದು ಬಾಯಿ ಮುಚ್ಚಿಕೊಂಡ. ಅದು ಅವನಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಡಬ್ಬಿಯ ಬ್ರೆಡ್ಡು, ಚೀಸು ತಿಂದು, ಮಜ್ಜಿಗೆ ಕುಡಿದು, ನಿಲುವಂಗಿ ತೊಟ್ಟುಕೊಂಡರೆ ತೋಳಿನ ಮೇಲೆ ಮಜ್ಜಿಗೆಯ ಕಲೆ. ಉಜ್ಜಿದಷ್ಟೂ ಅಗಲವಾಯಿತು. ಮುಂದೆ ಗೆಜ್ಜೆಕೋಲು ಹಿಡಿದು ಸಮಾರಂಭ ನಡೆಸುವ ಪೆಡೆಲ್, ಹಿಂದೆ ಕರಿಯ ಅಂಗಿಯ ಪ್ರೊಫೆಸರುಗಳ ಸಾಲು. ಸಭೆ ಎದ್ದು ನಿಂತಿತು. ಪೆಡೆಲ್ ಎಂದರೆ ಈ ದಿನದ ದೊರೆಸಾನಿ. ಗೊತ್ತಾದ ಹೊತ್ತಿಗೆ ಅವಳು ಮತ್ತೆ ಬಾಗಿಲು ತೆರೆದು ಕೋಲು ಕುಟ್ಟಿ "ಹೋರಾ ಎಸ್ಟ್", ಹೊತ್ತಾಯಿತು, ಎಂದಳೋ, ನಾಲಗೆಯ ತುದಿಗೆ ಬಂದ ಮಾತನ್ನೂ ನುಂಗಬೇಕು. ಯೋಸಿನ್ ಅಕ್ಕಪಕ್ಕ ಇಬ್ಬರು ಗೆಳತಿಯರನ್ನು ನಿಲ್ಲಿಸಿಕೊಂಡು ಮದುವಣಗಿತ್ತಿಯಂತೆ ನಿಂತಿದ್ದಳು. ಮುಂದಿನ ಸಾಲಿನಲ್ಲಿ ಅವಳ ಅಪ್ಪ, ಸ್ಮೇಟ್ಸ್, ಬಿಗಿಯಾದ ಕಾಲರಿನಲ್ಲಿ ಕೆಂಪಗಾಗಿ ಕೂತಿದ್ದ. ಇಂಗ್ಲಿಷಿನಲ್ಲಿ ಏನೂ ಅರ್ಥವಾಗದೆ, ಮಗಳು ಬಾಯಿ ತೆರೆದಾಗಲೆಲ್ಲ ತಲೆಯಾಡಿಸುತ್ತಿದ್ದ. ಪ್ರಶ್ನೆಗಳು ಬಂದವು, ಹೋದವು. ಹಮ್ಮಿಂಗ ತೋಳಿನ ಕಲೆಯ ಮೇಲೆ ಕೈ ಇಟ್ಟುಕೊಂಡು ಅರ್ಧ ಕೇಳಿದ, ಅರ್ಧ ಬಿಟ್ಟ. ಆಮೇಲೆ ಡೆನ್ಮಾರ್ಕಿನಿಂದ ಬಂದಿದ್ದ ಪ್ರೊಫೆಸರ್ ರಾಸ್ಕ್, ಬಿಳಿಕೂದಲಿನ ಗಟ್ಟಿ ಹೆಂಗಸು, ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು.

"ಹೋದ ವರ್ಷ ನಮ್ಮೂರಿನ ಸಮ್ಮೇಳನದಲ್ಲಿ ನೀವು ಚಳಿಗಾಲದ ಅಳತೆಗಳನ್ನ ತೋರಿಸಿದ್ರಿ. ಯಾರೂ ಕಾಫಿಗೂ ಏಳ್ಲಿಲ್ಲ. ಈ ಪುಸ್ತಕದಲ್ಲಿ ಅದನ್ನೇ ಹುಡುಕಿದೆ. ಎಲ್ಲಿ ಹೋಯ್ತು ಅದು?"

ಯೋಸಿನ್ ಬೆನ್ನು ನೆಟ್ಟಗೆ ಮಾಡಿದಳು. "ಮಹಾವಿದ್ವಾಂಸರಾದ ಎದುರಾಳಿಗಳೇ," ಎಂದು ಪದ್ಧತಿಯ ಪ್ರಕಾರ ಶುರು ಮಾಡಿ, ಒಂದು ಕ್ಷಣ ಹಮ್ಮಿಂಗನ ಕಡೆ ನೋಡಿದಳು. "ಅದು ಜಾಸ್ತಿಯಾಯ್ತು ಅಂತ ನನ್ನ ಮಹಾವಿದ್ವಾಂಸ ಮಾರ್ಗದರ್ಶಕರ ಅಭಿಪ್ರಾಯ. ಪ್ರತಿ ಅಧ್ಯಾಯದ ಮೇಲೂ ಕಡಿಮೆಯಾಗಬಹುದಿತ್ತು ಅಂತ ಬರೀತಿದ್ರು. ನಾನು ಕಡಿಮೆ ಮಾಡ್ತಾ ಬಂದೆ. ಆ ಅಧ್ಯಾಯಕ್ಕೆ ಕೆಳಗೆ ಗೆರೇನೂ ಎಳೆದಿದ್ರು. ಹಾಗಾಗಿ ಪೂರ್ತಿ ತೆಗೆದುಬಿಟ್ಟೆ."

ಸಭೆ ಗೊಳ್ಳೆಂದು ನಕ್ಕಿತು. ಹಮ್ಮಿಂಗನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾದದ್ದು ಕಾಲಿನಿಂದ ಮೇಲಕ್ಕೆ ತಣ್ಣಗೆ ಏರಿತು. ಪ್ರತಿ ಕರಡೂ ಹಿಂದಿನದಕ್ಕಿಂತ ತೆಳ್ಳಗೆ ಬರುತ್ತಿದ್ದದ್ದು, ಹುಡುಗಿ ಮಿತಭಾಷಿ, ನಮ್ಮ ಕಡೆಯವರ ಹಾಗೆ, ಎಂದು ತಾನು ಒಳಗೊಳಗೇ ಹಿಗ್ಗಿದ್ದು. ಹಿಗ್ಗಿ ಮತ್ತೆ ಅದನ್ನೇ ಬರೆದದ್ದು, ಅವಳು ಮತ್ತೆ ಕತ್ತರಿ ಹಿಡಿದದ್ದು. ದೇವರೇ, ಕತ್ತೆಗೂ ಇದಕ್ಕಿಂತ ಹೆಚ್ಚು ಬುದ್ಧಿ ಇರುತ್ತದೆ. ಅರ್ಧ ಎದ್ದು ನಿಂತ. ನಿಲುವಂಗಿ ಕುರ್ಚಿಯ ಕೈಗೆ ಸಿಕ್ಕಿಕೊಂಡಿತು. "ಅದು ಹಾಗಲ್ಲ," ಎಂದ, ಇಂಗ್ಲಿಷೂ ಅಲ್ಲದ ಡಚ್ಚೂ ಅಲ್ಲದ ತನ್ನೂರಿನ ಮಾತಿನಲ್ಲಿ, "ಅದು ಅಂದ್ರೆ..."

ಬಾಗಿಲು ತೆರೆಯಿತು. ಗೆಜ್ಜೆಕೋಲು ನೆಲಕ್ಕೆ ಬಡಿಯಿತು.

"ಹೋರಾ ಎಸ್ಟ್!"

ಎಲ್ಲರೂ ಎದ್ದರು. ಅವನ ವಾಕ್ಯ ಅಲ್ಲೇ ಬಾಯಲ್ಲಿ ಉಳಿಯಿತು. ಒಳಗಿನ ಕೋಣೆಯಲ್ಲಿ ತೀರ್ಪಿಗೆ ಕೂತಾಗ ರಾಸ್ಕ್ ಅವನನ್ನು ಮೂಲೆಗೆ ಒತ್ತಿದಳು. "ಒಡ್ಡಿನ ಬಗ್ಗೆ ಅಂಥ ಕೆಲಸ ನಾನು ನೋಡಿಲ್ಲ. ಯಾಕೆ ಹೊರಗೆ ಹಾಕಿಸಿದ್ರಿ?"

"ನಾನು ಹಾಕಿಸ್ಲಿಲ್ಲ. ಹೊಗಳಿದೆ."

"ಹೊಗಳಿದ್ದಕ್ಕೆ ಕಿತ್ತು ಹಾಕಿದ್ಲಾ?"

"ಹೌದು ಅಂತಿದೀನಲ್ಲ!"

ರಾಸ್ಕ್ ಅವನನ್ನು ಜ್ವರ ಬಂದವನನ್ನು ನೋಡುವಂತೆ ನೋಡಿದಳು. ಅಧ್ಯಕ್ಷ, ಕೆಳಗೆ ವೈನ್ ಕಾಯ್ತಿದೆ, ಬೇಗ ಸಹಿ ಮಾಡಿ, ಎಂದ. ಮತ್ತೆ ಸಾಲು, ಮತ್ತೆ ಸಭೆ. ಈಗ ಮಾರ್ಗದರ್ಶಕ ಶಿಷ್ಯೆಯನ್ನು ಎಲ್ಲರೆದುರು ಹೊಗಳಬೇಕಾದ ಘಳಿಗೆ. ಜೇಬಿನಿಂದ ಹಾಳೆ ತೆಗೆದ. ಓದಬೇಡ, ಹೇಳಿಬಿಡು, ಎಂದುಕೊಂಡ. ಹೇಳಲು ಏನು ಮಹಾ ಇದೆ? ಈ ಹುಡುಗಿ ನನಗಿಂತ ಒಳ್ಳೆಯ ಕೆಲಸ ಮಾಡಿದ್ದಾಳೆ, ನನಗೆ ಅದನ್ನು ಹೇಳಲು ಬರಲಿಲ್ಲ, ಅಷ್ಟೇ. ತಲೆಯೆತ್ತಿದ. ಅವಳು ತುಟಿ ಬಿಗಿಹಿಡಿದು, ಇನ್ನೇನು ಕಡಿಮೆ ಮಾಡಬೇಕೋ ಎಂಬಂತೆ ಕಾಯುತ್ತಿದ್ದಳು. ಹಿಂದಿನ ಸಾಲಿನಲ್ಲಿ ಮದುವೆಯ ಕೋಟಿನ ಯಾರೋ ಕೂತಂತಾಯಿತು; ಅಷ್ಟು ಜನರ ಎದುರು ಎದೆ ಬಿಚ್ಚಿದರೆ ಅವನು ತಲೆ ತಗ್ಗಿಸುತ್ತಾನೆ. ಹಮ್ಮಿಂಗ ಕೆಮ್ಮಿದ, ನೀರು ಕುಡಿದ, ಹಾಳೆ ಓದಿದ. ಡಾಕ್ಟರ್ ಸ್ಮೇಟ್ಸ್ ಅಚ್ಚುಕಟ್ಟಾಗಿ ಕೆಲಸ ಮಾಡಿದರು. ಉಪಕರಣಗಳನ್ನು ಜೋಪಾನ ಮಾಡಿದರು. ಗೊತ್ತಾದ ಅವಧಿಯಲ್ಲಿ ಮುಗಿಸಿದರು. ಚಪ್ಪಾಳೆಯ ಸದ್ದಿನಲ್ಲಿ ಅವನಿಗೆ ತನ್ನ ಮೇಲೆ ಎಂದೂ ಬರದಷ್ಟು ಸಿಟ್ಟು ಬಂತು.

ಕೆಳಗಿನ ಹಾಲಿನಲ್ಲಿ ಅಭಿನಂದನೆಯ ಸಾಲು. ಈ ದೇಶದಲ್ಲಿ ಒಬ್ಬರಿಗೆ ಒಳ್ಳೆಯದಾದರೆ ಅವರ ಅಪ್ಪನಿಗೆ, ಅಮ್ಮನಿಗೆ, ಪಕ್ಕದ ಮನೆಯವನಿಗೆ, ಸುಮ್ಮನೆ ಅಲ್ಲಿ ನಿಂತವನಿಗೂ ಅಭಿನಂದನೆ ಹೇಳಬೇಕು. ನಿಮ್ಮ ಶಿಷ್ಯೆಗಾಗಿ ಅಭಿನಂದನೆ, ಎಂದು ಬಂದವರೆಲ್ಲ ಅವನ ಕೈ ಕುಲುಕಿದರು. ಕೋಬಿ ಮಾತ್ರ ಬಂದು, "ಉಪಕರಣ ಜೋಪಾನ ಮಾಡಿದ್ಲಂತೆ! ಬಾಯಲ್ಲಿ ಏನು ಮುತ್ತು ರೀ!" ಎಂದು ಹೋದಳು. ಕಿಟಕಿಯ ಬಳಿಯ ಮೇಜಿನ ಹಿಂದೆ ಬೇಕರಿಯ ಸ್ಮೇಟ್ಸ್ ಕೋಟು ಬಿಚ್ಚಿ ತೋಳು ಮಡಚಿ ನಿಂತಿದ್ದ. ಮುಂದೆ ಅವನೇ ಮಾಡಿ ತಂದ ಅಗಲವಾದ ಚೆರ್ರಿ ವ್ಲಾಯ್‌ಗಳು, ಅವರ ಕಡೆಯ ಹಣ್ಣಿನ ಕೇಕು, ಮೇಲೆ ಹಿಟ್ಟಿನ ಜಾಲರಿ, ಜಾಲರಿಯ ಸಂದಿಯಲ್ಲಿ ಕೆಂಪು ಹಣ್ಣು. ಪಕ್ಕದಲ್ಲಿ ಯೋಸಿನ್ ತಟ್ಟೆ ಜೋಡಿಸುತ್ತಿದ್ದಳು.

"ಬನ್ನಿ ಪ್ರೊಫೆಸರ್ರೇ, ಬನ್ನಿ! ನಿಮಗೇ ಅಂತ ದೊಡ್ಡ ತುಂಡು ಕುಯ್ದಿಟ್ಟಿದೀನಿ. ನಮ್ಮೂರ ಚೆರ್ರಿ, ನಮ್ಮಜ್ಜಿ ಕೈ ಹದ. ತಿಂದು ಹೇಳಿ, ಹೇಗಿದೆ?"

ಹಮ್ಮಿಂಗ ಒಂದು ತುತ್ತು ಬಾಯಿಗೆ ಹಾಕಿಕೊಂಡ. ಬೆಳಗಿನಿಂದ ಮೈಯಲ್ಲಿ ಬಿಗಿದುಕೊಂಡಿದ್ದದ್ದೆಲ್ಲ, ಗಾಳಿ, ಗೋಡೆ, ಡೀನ್, ಹಾಳೆ, ಎಲ್ಲ ಆ ಹುಳಿಸಿಹಿಯಲ್ಲಿ ಸಡಿಲವಾಯಿತು. ಕಣ್ಣು ತುಂಬಿತು. ಇಂಥದ್ದನ್ನು ತಾನು ತಿಂದೇ ಇಲ್ಲ ಎಂದುಕೊಂಡ. ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು.

"ಕಡಿಮೆಯಾಗಬಹುದಿತ್ತು."

ಸ್ಮೇಟ್ಸನ ಮುಖ ಸಣ್ಣದಾಯಿತು. "ಅಯ್ಯೋ, ಜಾಸ್ತಿ ಆಯ್ತಾ? ಕ್ಷಮಿಸಿ, ನಮ್ಮ ಕಡೆ ಹಿಂಗೇ, ಕೈ ದೊಡ್ಡದು," ಎನ್ನುತ್ತ ಚಾಕು ತೆಗೆದುಕೊಂಡು, ಅವನ ತಟ್ಟೆಯಲ್ಲಿದ್ದ ತುಂಡನ್ನು ನಡುವೆ ಕತ್ತರಿಸಿ, ಅರ್ಧವನ್ನು ಎತ್ತಿ ಟ್ರೇಗೆ ವಾಪಸ್ಸು ಹಾಕಿದ. ಹಮ್ಮಿಂಗನ ಕೈ ತಡವಾಗಿ, ಮಕ್ಕಳ ಹಾಗೆ, ತಟ್ಟೆಗೆ ಅಡ್ಡ ಹೋಯಿತು.

ಯೋಸಿನ್ ತಟ್ಟೆ ಜೋಡಿಸುವುದನ್ನು ನಿಲ್ಲಿಸಿ ಅವನ ಕೈ ನೋಡಿದಳು, ಕಣ್ಣು ನೋಡಿದಳು.

"ಡರ್ಕ್, ಅದು ನಿಮಗೆ ಇಷ್ಟ ಆಯ್ತಾ?"

"ಹೂಂ."

"ಎಷ್ಟು?"

"ಈಗ ಹೇಳಿದೆನಲ್ಲ."

ಅವಳು ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಚಳಿಗಾಲದ ಅಧ್ಯಾಯ?"

"ಅದಕ್ಕೆ ಗೆರೆ ಎಳೆದಿದ್ದೆ," ಎಂದ ಹಮ್ಮಿಂಗ.

"ಅಯ್ಯೋ ದೇವರೇ! ಡರ್ಕ್!" ಅವಳ ದನಿಗೆ ಸುತ್ತಲಿನವರು ತಿರುಗಿದರು. "ಕೂತು ಕೂತು ಕತ್ತರಿಸಿದೀನಿ ನಾನು. ಅಳ್ತಾ ಕತ್ತರಿಸಿದೀನಿ! ಒಂದೇ ಒಂದು ಸಲ ಬೇರೆಯವರಿಗೆ ತಿಳಿಯೋ ಹಾಗೆ ಹೇಳೋದಕ್ಕೆ ನಿಮಗೇನು ದಾಡಿಯಾಗಿತ್ತು?"

"ನೀನು ಕೇಳಬಹುದಿತ್ತು."

"ನೀವು ಹೇಳಬಹುದಿತ್ತು!"

ಹಮ್ಮಿಂಗ ತಟ್ಟೆಯನ್ನು ಕೆಳಗಿಡಲು ಜಾಗ ಹುಡುಕಿದ, ಸಿಗಲಿಲ್ಲ. ಹಿಡಿದುಕೊಂಡೇ ಹೇಳಿದ, "ಚೆನ್ನಾಗಿತ್ತು." ಮಾತು ಬಾಯಲ್ಲಿ ಹೊಸ ಹಲ್ಲಿನ ಹಾಗೆ ಅಡ್ಡವಾಯಿತು. "ತುಂಬ ಚೆನ್ನಾಗಿತ್ತು. ಅದು ನಮ್ಮಪ್ಪನ ಒಡ್ಡು. ಅಂಥದ್ದೊಂದು ನಾನು ಈ ಜನ್ಮದಲ್ಲಿ ಬರೆದಿಲ್ಲ, ಯೋಸಿನ್. ಉಳ್ಕೋ. ಹೋಗ್ಬೇಡ."

ಯಾರೋ ವೈನಿನ ಲೋಟ ತಾಗಿಸಿ ನಕ್ಕರು. ಯೋಸಿನ್ ಮುಂಗೈಯಿಂದ ಮೂಗು ಒರೆಸಿಕೊಂಡಳು. ಸಿಟ್ಟು ಇಳಿದಿತ್ತು, ಅದು ಇಳಿದದ್ದಕ್ಕೇ ಅವನಿಗೆ ಹೆದರಿಕೆಯಾಯಿತು.

"ನಿನ್ನೆ ಸಂಜೆ ಹಡಗಿನವರಿಗೆ ಸಹಿ ಹಾಕಿ ಕೊಟ್ಟುಬಿಟ್ಟೆ, ಡರ್ಕ್. ನಿಮಗೆ ಹೇಗೆ ಹೇಳೋದು ಅಂತ ಬೆಳಿಗ್ಗೆಯಿಂದ ಒದ್ದಾಡ್ತಿದೀನಿ."

"ಹೌದಾ," ಎಂದ. "ಸರಿ." ಕಿಟಕಿಯ ಆಚೆ ಅಲೆಗಾಲುವೆಯ ತಗಡಿನ ಚಾವಣಿ ಕಾಣುತ್ತಿತ್ತು, ಅದರ ಮೇಲೆ ಕಡಲಕಾಗೆಗಳು ಸಾಲಾಗಿ ಕೂತಿದ್ದವು. ಸ್ಮೇಟ್ಸ್ ಏನೊಂದೂ ತಿಳಿಯದೆ, ಚಾಕು ಹಿಡಿದುಕೊಂಡು ಒಮ್ಮೆ ಮಗಳನ್ನು, ಒಮ್ಮೆ ಪ್ರೊಫೆಸರನ್ನು ನೋಡುತ್ತ ನಿಂತಿದ್ದ.

"ಅಪ್ಪಾ," ಎಂದಳು ಯೋಸಿನ್, "ಆ ಅರ್ಧಾನ ಅವರಿಗೆ ವಾಪಸ್ ಹಾಕು."

"ಕಡಿಮೆ ಮಾಡಿ ಅಂದ್ರಲ್ಲಮ್ಮಾ?"

"ಇಲ್ಲಪ್ಪಾ. ಅವರಿಗೆ ತುಂಬ ಹಿಡಿಸಿದೆ. ಅವರೂರಲ್ಲಿ ಹಾಗೇ ಅನ್ನೋದು."

ಸ್ಮೇಟ್ಸನ ಮುಖ ಮತ್ತೆ ಅಗಲವಾಯಿತು. ಟ್ರೇಯಿಂದ ಆ ಅರ್ಧವನ್ನು ಎತ್ತಿ, ತಟ್ಟೆಯಲ್ಲಿದ್ದ ಅರ್ಧದ ಪಕ್ಕಕ್ಕೆ ಸರಿಸಿ, ಚಾಕುವಿನಿಂದ ಎರಡನ್ನೂ ಒತ್ತಿ ಕೂಡಿಸಲು ನೋಡಿದ. ಕೂಡಲಿಲ್ಲ, ನಡುವೆ ಚೆರ್ರಿಯ ರಸ ಹರಿಯಿತು. ಹಮ್ಮಿಂಗ ಎರಡನ್ನೂ ನಿಂತಲ್ಲೇ ತಿಂದು ಮುಗಿಸಿದ.